ನೆನಪಿನ ಅಧ್ಯಯನ: ಮನೋವಿಜ್ಞಾನದ ದೃಷ್ಟಿಗಳು ಮತ್ತು ಸಂಶೋಧನಾ ವಿಧಾನಗಳು

ಮನಸ್ಸು ತಕ್ಕಡಿಗಾಗಲಿ ಅಳತೆಗೋಲಿಗಾಗಲಿ ನೇರವಾಗಿ ಸಿಕ್ಕುವ ವಸ್ತುವಲ್ಲವಾದ್ದರಿಂದ, ಅದರ ವಿಷಯವಾಗಿ ಶಾಸ್ತ್ರೀಯವಾಗಿ ಏನನ್ನೇ ಹೇಳಬೇಕಾದರೂ ಯಾವುದನ್ನು ಪುರಾವೆಯೆಂದು ಒಪ್ಪಬೇಕು ಎಂಬ ಪ್ರಶ್ನೆಯನ್ನು ಮೊದಲು ಇತ್ಯರ್ಥಪಡಿಸಿಕೊಳ್ಳಬೇಕಾಗುತ್ತದೆ. ವ್ಯಕ್ತಿ ತನ್ನ ಒಳಗಿನ ಅನುಭವವನ್ನು ಬಣ್ಣಿಸುವ ಮಾತು ಪುರಾವೆಯೆ, ಹೊರಗೆ ಕಾಣುವ ವರ್ತನೆಯೊಂದೇ ಪುರಾವೆಯೆ, ಅಥವಾ ಮಿದುಳಿನ ರಚನೆಯಲ್ಲಿ ಅದನ್ನು ಹುಡುಕಬೇಕೆ ಎಂಬ ಪ್ರಶ್ನೆಗೆ ಬೇರೆ ಬೇರೆ ಕಾಲದ ವಿದ್ವಾಂಸರು ಕೊಟ್ಟ ಉತ್ತರಗಳೇ ಪಠ್ಯಪುಸ್ತಕಗಳ ಮೊದಲ ಅಧ್ಯಾಯದಲ್ಲಿ ಮನೋವಿಜ್ಞಾನದ ‘ದೃಷ್ಟಿಗಳು’ ಎಂಬ ಹೆಸರಿನಲ್ಲಿ ಸಾಲುಗೂಡಿವೆ. ಮುಂದಿನ ಅಧ್ಯಾಯದಲ್ಲಿ ಬರುವ ‘ಸಂಶೋಧನಾ ವಿಧಾನಗಳು’ ಬೇರೆಯೇ ವಿಷಯವೆಂಬಂತೆ ತೋರಿದರೂ, ಪ್ರತಿಯೊಂದು ದೃಷ್ಟಿಯೂ ತನಗೊಪ್ಪುವ ವಿಧಾನವನ್ನು ಜೊತೆಯಲ್ಲಿಟ್ಟುಕೊಂಡೇ ಹುಟ್ಟಿದೆ. ನೆನಪು ಎಂಬ ಒಂದೇ ವಿಷಯವನ್ನು ಈ ದೃಷ್ಟಿಗಳು ಹೇಗೆ ಕೈಗೆತ್ತಿಕೊಂಡವು ಎಂಬುದನ್ನು ಗಮನಿಸಿದರೆ ಈ ನಂಟು ಸ್ಪಷ್ಟವಾಗುತ್ತದೆ.

ಒಳಗಿನ ವರದಿಯಿಂದ ಹೊರಗಿನ ಅಳತೆಗೆ

ವಿಲ್‌ಹೆಲ್ಮ್ ವುಂಟ್ 1879ರಲ್ಲಿ ಜರ್ಮನಿಯ ಲೈಪ್‌ಝಿಗ್ ವಿಶ್ವವಿದ್ಯಾಲಯದಲ್ಲಿ ಸ್ಥಾಪಿಸಿದ ಪ್ರಯೋಗಾಲಯವನ್ನು ಆಧುನಿಕ ಮನೋವಿಜ್ಞಾನದ ಆರಂಭವೆಂದು ಗುರುತಿಸುವುದು ವಾಡಿಕೆ. ಅಲ್ಲಿ ಬಳಕೆಯಲ್ಲಿದ್ದ ಮುಖ್ಯ ವಿಧಾನಗಳಲ್ಲೊಂದು ಅಂತರಾವಲೋಕನ, ಅಂದರೆ ತರಬೇತಿ ಪಡೆದ ವೀಕ್ಷಕನು ನಿಗದಿತ ಪ್ರಚೋದನೆಯೊಂದಕ್ಕೆ ತನ್ನೊಳಗೆ ಉಂಟಾದ ಅನುಭವವನ್ನು ಗಮನಿಸಿ ವರದಿ ಮಾಡುವ ಕ್ರಮ. ಮುಂದೆ ಅಮೆರಿಕದ ಕಾರ್ನೆಲ್‌ನಲ್ಲಿದ್ದ ಟಿಚನರ್‌ನ ವೀಕ್ಷಕರು ಆಲೋಚನೆಯ ಜೊತೆಗೆ ಯಾವುದಾದರೊಂದು ಮಾನಸಿಕ ಚಿತ್ರ ಇದ್ದೇ ಇರುತ್ತದೆ ಎಂದೂ, ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನಲ್ಲಿದ್ದ ಕ್ಯೂಲ್ಪೆಯ ವೀಕ್ಷಕರು ಚಿತ್ರವೇ ಇಲ್ಲದ ಆಲೋಚನೆಯೂ ಉಂಟೆಂದೂ ವರದಿ ಮಾಡಿದಾಗ, ಯಾರು ಸರಿ ಎಂದು ತೀರ್ಮಾನಿಸಬಲ್ಲ ಮೂರನೆಯ ಸಾಕ್ಷಿ ಯಾವುದೂ ಇರಲಿಲ್ಲ. ಒಬ್ಬರ ಒಳಗನ್ನು ಇನ್ನೊಬ್ಬರು ಇಣುಕಿ ನೋಡಲಾಗದು ಎಂಬುದೇ ಈ ವಿಧಾನದ ಮಿತಿಯಾಯಿತು.

ಈ ತೊಡಕನ್ನು ದಾಟುವ ದಾರಿಯೊಂದನ್ನು ಹರ್ಮನ್ ಎಬ್ಬಿಂಗ್‌ಹಾಸ್ ಅಷ್ಟರಲ್ಲೇ ತೋರಿಸಿದ್ದನು. 1885ರಲ್ಲಿ ಪ್ರಕಟವಾದ ನೆನಪಿನ ಕುರಿತ ಅವನ ಗ್ರಂಥದಲ್ಲಿ ಪ್ರಯೋಗ ನಡೆಸುವವನೂ ಪ್ರಯೋಗಕ್ಕೆ ಒಳಗಾಗುವವನೂ ಅವನೊಬ್ಬನೇ. ಅರ್ಥವುಳ್ಳ ಪದಗಳಾದರೆ ಹಳೆಯ ಪರಿಚಯದ ಬಲದಿಂದ ಸುಲಭವಾಗಿ ನೆನಪಿನಲ್ಲಿ ಉಳಿಯುತ್ತವೆ ಎಂಬ ಕಾರಣಕ್ಕೆ ಅವನು ಎರಡು ವ್ಯಂಜನಗಳ ನಡುವೆ ಒಂದು ಸ್ವರವನ್ನಿರಿಸಿ ಸುಮಾರು 2,300 ಅರ್ಥಹೀನ ಉಚ್ಚಾರಾಂಶಗಳನ್ನು ರಚಿಸಿಕೊಂಡು, ಅವುಗಳ ಪಟ್ಟಿಗಳನ್ನು ತಪ್ಪಿಲ್ಲದೆ ಒಪ್ಪಿಸುವವರೆಗೂ ಬಾಯಿಪಾಠ ಮಾಡಿ, ಗೊತ್ತುಪಡಿಸಿದ ಅವಧಿಯ ಬಳಿಕ ಅದೇ ಪಟ್ಟಿಯನ್ನು ಮತ್ತೆ ಕಲಿಯಲು ಎಷ್ಟು ಶ್ರಮ ಕಡಿಮೆಯಾಯಿತು ಎಂಬುದನ್ನು ಲೆಕ್ಕ ಹಾಕಿದನು. ಮೊದಲ ಸಲ 1,000 ಸೆಕೆಂಡು ಹಿಡಿದ ಕಲಿಕೆಗೆ ಎರಡನೆಯ ಸಲ 600 ಸೆಕೆಂಡು ಸಾಕಾದರೆ ಉಳಿತಾಯ ಶೇ. 40, ಈ ಉಳಿತಾಯವೇ ನೆನಪಿನ ಅಳತೆ. ಅವನ ಲೆಕ್ಕದಂತೆ ಇಪ್ಪತ್ತು ನಿಮಿಷಗಳ ಬಳಿಕ ಉಳಿತಾಯ ಸುಮಾರು ಶೇ. 58, ಒಂದು ದಿನದ ಬಳಿಕ ಶೇ. 34, ಮೂವತ್ತೊಂದು ದಿನಗಳ ಬಳಿಕ ಶೇ. 21, ಮರೆವು ಮೊದಮೊದಲು ವೇಗವಾಗಿಯೂ ಅನಂತರ ನಿಧಾನವಾಗಿಯೂ ಸಾಗುತ್ತದೆ ಎಂಬುದು ಇದರಿಂದ ತಿಳಿದ ಸಂಗತಿ. ‘ನೆನಪು’ ಎಂಬ ಅಮೂರ್ತ ಕಲ್ಪನೆಯನ್ನು ಯಾರು ಬೇಕಾದರೂ ಪರಿಶೀಲಿಸಬಹುದಾದ ಅಳತೆಯ ರೂಪದಲ್ಲಿ ನಿರೂಪಿಸುವ ಈ ಕ್ರಮಕ್ಕೆ ಕಾರ್ಯಾತ್ಮಕ ವ್ಯಾಖ್ಯೆ ಎಂದು ಹೆಸರು; ಸಂಶೋಧನೆಯ ಮೊದಲ ಮೆಟ್ಟಿಲು ಇಂದಿಗೂ ಅದೇ.

ವ್ಯಕ್ತಿಯ ಕಥನವೂ ಇಲಿಯ ವರ್ತನೆಯೂ

ವಿಯೆನ್ನಾದಲ್ಲಿ ವೈದ್ಯನಾಗಿದ್ದ ಸಿಗ್ಮಂಡ್ ಫ್ರಾಯ್ಡ್‌ಗೆ ಇಂಥ ಪಟ್ಟಿಗಳಲ್ಲಿ ಆಸಕ್ತಿಯಿರಲಿಲ್ಲ. ಸಹಿಸಲಾಗದ ನೆನಪುಗಳನ್ನು ಮನಸ್ಸು ಪ್ರಜ್ಞೆಯ ಆಚೆಗೆ ದೂಡುತ್ತದೆ, ಹಾಗೆ ದಮನಗೊಂಡದ್ದು ಕನಸು, ಬಾಯ್ತಪ್ಪು ಮತ್ತು ರೋಗಲಕ್ಷಣಗಳ ವೇಷದಲ್ಲಿ ಮರಳಿ ಬರುತ್ತದೆ ಎಂಬುದು ಅವನ ಮನೋವಿಶ್ಲೇಷಣೆಯ ತಿರುಳು. ಅದಕ್ಕೆ ಅವನು ಆಶ್ರಯಿಸಿದ ವಿಧಾನ ವ್ಯಕ್ತಿ ಅಧ್ಯಯನ, ಅಂದರೆ ಒಬ್ಬನೇ ವ್ಯಕ್ತಿಯ ಬದುಕನ್ನು ದೀರ್ಘಕಾಲ, ಆಳವಾಗಿ ಪರಿಶೀಲಿಸುವುದು. ಬೇರೆ ಯಾವ ವಿಧಾನಕ್ಕೂ ಸಿಗದ ಸೂಕ್ಷ್ಮ ವಿವರಗಳು ಇದರಿಂದ ದೊರೆಯುತ್ತವೆ. ಆದರೆ ರೋಗಿ ವಿವರಣೆಯನ್ನು ಒಪ್ಪಿದರೆ ಅದು ಸಿದ್ಧಾಂತಕ್ಕೆ ಸಮರ್ಥನೆ, ನಿರಾಕರಿಸಿದರೆ ಅದು ದಮನದ ಲಕ್ಷಣ ಎಂಬಂಥ ವಾದಕ್ಕೆ ಎಡೆಯಿದ್ದಾಗ ಸಿದ್ಧಾಂತವನ್ನು ತಪ್ಪೆಂದು ತೋರಿಸಬಲ್ಲ ಸನ್ನಿವೇಶವೇ ಉಳಿಯುವುದಿಲ್ಲ. ವೈಜ್ಞಾನಿಕ ಪ್ರಾಕ್ಕಲ್ಪನೆಗೆ, ಅಂದರೆ ಪರೀಕ್ಷೆಗೆ ಮುನ್ನ ಮುಂದಿಡುವ ಊಹೆಗೆ, ಸೋಲುವ ಸಾಧ್ಯತೆ ಇರಲೇಬೇಕು.

ಅಂತರಾವಲೋಕನದ ವಿವಾದಗಳಿಂದ ಬೇಸತ್ತ ಅಮೆರಿಕದ ಜಾನ್ ಬಿ. ವಾಟ್ಸನ್ 1913ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಮನೋವಿಜ್ಞಾನವು ಪ್ರಜ್ಞೆಯ ಮಾತನ್ನೇ ಬಿಟ್ಟು ಎಲ್ಲರ ಕಣ್ಣಿಗೂ ಕಾಣುವ ವರ್ತನೆಯನ್ನಷ್ಟೇ ಅಧ್ಯಯನ ಮಾಡಬೇಕೆಂದು ವಾದಿಸಿದನು. ವರ್ತನಾವಾದವೆಂದು ಹೆಸರಾದ ಈ ದೃಷ್ಟಿ ಪ್ರಚೋದನೆ ಮತ್ತು ಪ್ರತಿಕ್ರಿಯೆಗಳ ಸಂಬಂಧವನ್ನು ಪ್ರಾಣಿಗಳ ಮೇಲಿನ ಕಟ್ಟುನಿಟ್ಟಾದ ಪ್ರಯೋಗಗಳಿಂದ ಗುರುತಿಸತೊಡಗಿತು. ಆದರೆ ಅದರ ಮಿತಿಯನ್ನು ತೋರಿಸಿದ್ದೂ ಇಲಿಗಳೇ. ಟೋಲ್ಮನ್ ಮತ್ತು ಹೊನ್ಝಿಕ್ ಕ್ಯಾಲಿಫೋರ್ನಿಯಾದಲ್ಲಿ ನಡೆಸಿ 1930ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಒಂದು ಗುಂಪಿನ ಇಲಿಗಳಿಗೆ ಜಟಿಲವಾದ ಹಾದಿಗಳ ಕೊನೆಯಲ್ಲಿ ಮೊದಲ ದಿನದಿಂದಲೂ ಆಹಾರ ಸಿಗುತ್ತಿತ್ತು, ಇನ್ನೊಂದಕ್ಕೆ ಎಂದೂ ಸಿಗುತ್ತಿರಲಿಲ್ಲ, ಮೂರನೆಯದಕ್ಕೆ ಹನ್ನೊಂದನೆಯ ದಿನದಿಂದ ಸಿಗತೊಡಗಿತು. ಬಹುಮಾನವಿಲ್ಲದೆ ಕಲಿಕೆಯಿಲ್ಲ ಎಂಬುದು ನಿಜವಾಗಿದ್ದರೆ ಮೂರನೆಯ ಗುಂಪು ಆ ದಿನದಿಂದ ಮೊದಲುಗೊಂಡು ನಿಧಾನವಾಗಿ ಕಲಿಯಬೇಕಾಗಿತ್ತು. ಆದರೆ ಆಹಾರ ಸಿಕ್ಕ ಮರುದಿನವೇ ಅದರ ತಪ್ಪುಗಳು ಥಟ್ಟನೆ ಇಳಿದವು. ಅಲ್ಲಿಯವರೆಗೆ ಸುಮ್ಮನೆ ಸುತ್ತಾಡುತ್ತಿದ್ದಂತೆ ಕಂಡ ಇಲಿಗಳು ಹಾದಿಯ ಪರಿಚಯವನ್ನು ಒಳಗೊಳಗೇ ಕಟ್ಟಿಕೊಂಡಿದ್ದವು. ಹೀಗೆ ವರ್ತನೆಯನ್ನು ಅಳೆಯುತ್ತಲೇ ಅದರ ಹಿಂದಿರುವ, ಕಣ್ಣಿಗೆ ಕಾಣದ ನೆನಪನ್ನು ಅನುಮಾನಿಸಿ ತಿಳಿಯುವ ದಾರಿ ತೆರೆಯಿತು.

ಪ್ರಯೋಗದ ಬಲ ಮತ್ತು ಅದರ ಗಡಿ

ಮನಸ್ಸು ಮಾಹಿತಿಯನ್ನು ಗ್ರಹಿಸಿ, ಸಂಗ್ರಹಿಸಿ, ಮಾರ್ಪಡಿಸಿ, ಬೇಕಾದಾಗ ಹೊರತೆಗೆಯುವ ವ್ಯವಸ್ಥೆಯೆಂದು ನೋಡುವ ಸಂಜ್ಞಾನಾತ್ಮಕ ದೃಷ್ಟಿ 1950ರ ದಶಕದಲ್ಲಿ ಬಲಗೊಂಡಿತು. ಅಲ್ಪಾವಧಿ ನೆನಪಿನಲ್ಲಿ ಏಕಕಾಲಕ್ಕೆ ಹಿಡಿದಿಡಬಹುದಾದ ಅಂಶಗಳು ಸುಮಾರು ಏಳು, ಹೆಚ್ಚೆಂದರೆ ಎರಡು ಹೆಚ್ಚು ಕಡಿಮೆ, ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಲೇಖನ ಈ ದೃಷ್ಟಿಯ ಪ್ರಸಿದ್ಧ ಆರಂಭಗಳಲ್ಲೊಂದು. ಅದಕ್ಕೂ ಮೊದಲೇ, 1932ರ ಗ್ರಂಥದಲ್ಲಿ, ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ ಉತ್ತರ ಅಮೆರಿಕದ ಮೂಲನಿವಾಸಿಗಳ ಜನಪದ ಕಥೆಯೊಂದನ್ನು ಇಂಗ್ಲೆಂಡಿನ ಓದುಗರಿಗೆ ಕೊಟ್ಟು, ಬೇರೆ ಬೇರೆ ಅವಧಿಯ ಬಳಿಕ ಅದನ್ನು ಮರಳಿ ಬರೆಸಿದ್ದನು. ಅವರು ಕಥೆಯನ್ನು ಮರೆತದ್ದಷ್ಟೇ ಅಲ್ಲ, ತಮಗೆ ಪರಿಚಯವಿದ್ದ ಜಗತ್ತಿಗೆ ಹೊಂದುವಂತೆ ತಿದ್ದಿದ್ದರು. ಮರದ ಕಿರುದೋಣಿ ಸಾಮಾನ್ಯ ದೋಣಿಯಾಯಿತು, ಸೀಲ್ ಬೇಟೆ ಮೀನುಗಾರಿಕೆಯಾಯಿತು. ನೆನಪು ಪಡಿಯಚ್ಚಲ್ಲ, ಮನಸ್ಸಿನಲ್ಲಿ ಮೊದಲೇ ಇರುವ ಚೌಕಟ್ಟುಗಳ ನೆರವಿನಿಂದ ಪ್ರತಿಬಾರಿಯೂ ನಡೆಯುವ ಪುನಾರಚನೆ ಎಂಬುದು ಅವನ ನಿಲುವು.

ಈ ನಿಲುವನ್ನು ನಿಯಂತ್ರಿತ ಪ್ರಯೋಗಕ್ಕೆ ಒಡ್ಡಿದವರು ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್. 1974ರಲ್ಲಿ ಪ್ರಕಟವಾದ ಅವರ ಮೊದಲ ಪ್ರಯೋಗದಲ್ಲಿ 45 ವಿದ್ಯಾರ್ಥಿಗಳು ವಾಹನ ಅಪಘಾತಗಳ ಚಲನಚಿತ್ರ ತುಣುಕುಗಳನ್ನು ನೋಡಿ, ಕಾರುಗಳ ವೇಗವನ್ನು ಅಂದಾಜಿಸಬೇಕಾಗಿತ್ತು. ಎಲ್ಲರೂ ನೋಡಿದ ದೃಶ್ಯ ಒಂದೇ. ಪ್ರಶ್ನೆಯಲ್ಲಿದ್ದ ಕ್ರಿಯಾಪದ ಮಾತ್ರ ಗುಂಪಿನಿಂದ ಗುಂಪಿಗೆ ಬೇರೆ. ಕಾರುಗಳು ಅಪ್ಪಳಿಸಿ ಜಜ್ಜಿಹೋದಾಗ ವೇಗವೆಷ್ಟಿತ್ತು ಎಂಬರ್ಥದ ಪ್ರಶ್ನೆಗೆ ಗಂಟೆಗೆ ಸುಮಾರು 40 ಮೈಲಿ ಎಂಬ ಉತ್ತರ ಬಂದರೆ, ಒಂದಕ್ಕೊಂದು ತಾಗಿದಾಗ ಎಂಬರ್ಥದ ಪ್ರಶ್ನೆಗೆ ಸುಮಾರು 32 ಮೈಲಿ ಎಂಬ ಉತ್ತರ ಬಂತು. ಬಿರುಸಾದ ಪದ ಉತ್ತರವನ್ನಷ್ಟೇ ಬದಲಿಸಿತೆ ಅಥವಾ ನೆನಪನ್ನೇ ಬದಲಿಸಿತೆ ಎಂಬ ಸಂದೇಹ ಇಲ್ಲಿ ಉಳಿಯುತ್ತದಾದ್ದರಿಂದ, ಎರಡನೆಯ ಪ್ರಯೋಗದಲ್ಲಿ 150 ಮಂದಿಯನ್ನು ಮೂರು ಗುಂಪು ಮಾಡಿ, ಒಂದು ವಾರದ ಬಳಿಕ ಒಡೆದ ಗಾಜನ್ನು ಕಂಡಿರಾ ಎಂದು ಕೇಳಲಾಯಿತು. ತುಣುಕಿನಲ್ಲಿ ಒಡೆದ ಗಾಜೇ ಇರಲಿಲ್ಲ. ಆದರೂ ಬಿರುಸಾದ ಪದವನ್ನು ಕೇಳಿದ್ದ 50 ಮಂದಿಯಲ್ಲಿ 16 ಜನ, ಸೌಮ್ಯವಾದ ಪದವನ್ನು ಕೇಳಿದ್ದ 50 ಮಂದಿಯಲ್ಲಿ 7 ಜನ, ವೇಗದ ಪ್ರಶ್ನೆಯನ್ನೇ ಕೇಳಿರದ 50 ಮಂದಿಯಲ್ಲಿ 6 ಜನ ಕಂಡೆವೆಂದರು.

ಪ್ರಯೋಗ ವಿಧಾನದ ಅಂಗಗಳೆಲ್ಲ ಇದರಲ್ಲಿ ಕಾಣಸಿಗುತ್ತವೆ. ಸಂಶೋಧಕರು ಉದ್ದೇಶಪೂರ್ವಕವಾಗಿ ಬದಲಿಸಿದ ಕ್ರಿಯಾಪದ ಸ್ವತಂತ್ರ ಚಲಕ, ಅದರ ಪರಿಣಾಮವಾಗಿ ಬದಲಾಗಬಹುದೆಂದು ಅಳೆದ ಉತ್ತರ ಪರತಂತ್ರ ಚಲಕ, ವೇಗದ ಪ್ರಶ್ನೆಯನ್ನು ಕೇಳಿರದ, ಹೋಲಿಕೆಗೆಂದು ಇರಿಸಿಕೊಂಡ ಗುಂಪು ನಿಯಂತ್ರಿತ ಗುಂಪು. ಭಾಗವಹಿಸುವವರನ್ನು ಗುಂಪುಗಳಿಗೆ ಹಂಚುವಾಗ ಯಾರು ಎಲ್ಲಿಗೆ ಎಂಬುದನ್ನು ಸಂಶೋಧಕರ ಆಯ್ಕೆಗೆ ಬಿಡದೆ ಆಕಸ್ಮಿಕಕ್ಕೆ ಬಿಟ್ಟಾಗ, ಅವರ ವಯಸ್ಸು, ಅನುಭವ, ಸ್ವಭಾವಗಳ ವ್ಯತ್ಯಾಸ ಎಲ್ಲ ಗುಂಪುಗಳಲ್ಲೂ ಹೆಚ್ಚುಕಡಿಮೆ ಸಮನಾಗಿ ಹರಡಿ, ಕೊನೆಗೆ ಕಾಣುವ ಅಂತರಕ್ಕೆ ಬದಲಿಸಿದ ಅಂಶವೇ ಕಾರಣವೆಂದು ಹೇಳಲು ಆಧಾರ ಸಿಗುತ್ತದೆ. ಕಾರಣವನ್ನು ಕುರಿತು ಇಷ್ಟು ಧೈರ್ಯದಿಂದ ಮಾತನಾಡುವ ಅವಕಾಶ ಬೇರೆ ವಿಧಾನಗಳಿಗಿಲ್ಲ. ಆದರೆ ತರಗತಿಯಲ್ಲಿ ಕುಳಿತು ತುಣುಕು ನೋಡುವವನಿಗೂ ರಸ್ತೆಯಲ್ಲಿ ನಿಂತು ರಕ್ತ ನೋಡುವವನಿಗೂ ಅಂತರವಿದೆ. ಕೆನಡಾದಲ್ಲಿ ನಡೆದ ನಿಜವಾದ ಗುಂಡಿನ ದಾಳಿಯೊಂದರ ಪ್ರತ್ಯಕ್ಷದರ್ಶಿಗಳಲ್ಲಿ 13 ಮಂದಿಯನ್ನು ಯೂಲ್ ಮತ್ತು ಕಟ್‌ಶಾಲ್ ನಾಲ್ಕೈದು ತಿಂಗಳ ಬಳಿಕ ಸಂದರ್ಶಿಸಿದಾಗ, ಅವರ ನೆನಪು ಬಹುಮಟ್ಟಿಗೆ ನಿಖರವಾಗಿಯೇ ಇತ್ತು; ದಾರಿತಪ್ಪಿಸುವ ಪ್ರಶ್ನೆಗಳಿಗೂ ಅವರು ಅಷ್ಟಾಗಿ ಬಲಿಯಾಗಲಿಲ್ಲ ಎಂದು 1986ರ ಆ ವರದಿ ತಿಳಿಸುತ್ತದೆ. ಪ್ರಯೋಗಾಲಯದಲ್ಲಿ ನಿಯಂತ್ರಣ ಹೆಚ್ಚಿದಷ್ಟೂ ಸಹಜತೆ ಕಡಿಮೆಯಾಗುವ, ಹೊರಗೆ ಸಹಜತೆ ಹೆಚ್ಚಿದಷ್ಟೂ ನಿಯಂತ್ರಣ ಸಡಿಲವಾಗುವ ಈ ಇಕ್ಕಟ್ಟು ಮನೋವಿಜ್ಞಾನದ ಸಂಶೋಧಕರಿಗೆ ಸದಾ ಎದುರಾಗುತ್ತದೆ.

ಮಿದುಳು, ಸಹಸಂಬಂಧ ಮತ್ತು ಕಾರಣ

ಜೈವಿಕ ದೃಷ್ಟಿಗೆ ನೆನಪು ಮಿದುಳಿನ ಕೆಲಸ. 1953ರಲ್ಲಿ ಅಮೆರಿಕದ 27 ವರ್ಷದ ಯುವಕನೊಬ್ಬನಿಗೆ ತೀವ್ರವಾದ ಅಪಸ್ಮಾರವನ್ನು ತಗ್ಗಿಸಲೆಂದು ಶಸ್ತ್ರವೈದ್ಯ ವಿಲಿಯಂ ಸ್ಕೋವಿಲ್ ಮಿದುಳಿನ ಎರಡೂ ಬದಿಯಲ್ಲಿ ಹಿಪೊಕ್ಯಾಂಪಸ್ ಮತ್ತು ಅದರ ಸುತ್ತಲ ಭಾಗಗಳನ್ನು ಬಹುಮಟ್ಟಿಗೆ ತೆಗೆದನು. ಅಪಸ್ಮಾರ ಕಡಿಮೆಯಾಯಿತು, ಬುದ್ಧಿಶಕ್ತಿ ಕುಂದಲಿಲ್ಲ, ಆದರೆ ಹೊಸ ಘಟನೆಗಳನ್ನು ನೆನಪಿನಲ್ಲಿಟ್ಟುಕೊಳ್ಳುವ ಸಾಮರ್ಥ್ಯ ಅಳಿಸಿಹೋಯಿತು. ದಶಕಗಳ ಕಾಲ ಎಚ್. ಎಂ. ಎಂಬ ಮೊದಲಕ್ಷರಗಳಿಂದ ಮಾತ್ರ ಗುರುತಿಸಲಾಗುತ್ತಿದ್ದ ಆತನ ಹೆಸರು ಹೆನ್ರಿ ಮೊಲೈಸನ್ ಎಂಬುದು 2008ರಲ್ಲಿ ಆತ ತೀರಿಕೊಂಡ ಮೇಲಷ್ಟೇ ಬಹಿರಂಗವಾಯಿತು. ಕನ್ನಡಿಯಲ್ಲಿನ ಪ್ರತಿಬಿಂಬವನ್ನಷ್ಟೇ ನೋಡುತ್ತ ನಕ್ಷತ್ರದ ಆಕೃತಿಯೊಂದರ ಅಂಚನ್ನು ಪೆನ್ಸಿಲಿನಿಂದ ಅನುಸರಿಸುವ ಕೆಲಸವನ್ನು ಬ್ರೆಂಡಾ ಮಿಲ್ನರ್ ಅವನಿಂದ ಮೂರು ದಿನ ಮಾಡಿಸಿದಾಗ, ತಾನು ಅದನ್ನು ಹಿಂದೆ ಮಾಡಿದ್ದೇನೆಂಬುದೇ ನೆನಪಿಲ್ಲದಿದ್ದರೂ ಅವನ ತಪ್ಪುಗಳು ದಿನದಿಂದ ದಿನಕ್ಕೆ ಕಡಿಮೆಯಾದವು. ಘಟನೆಯ ನೆನಪೂ ಕೈಚಳಕದ ನೆನಪೂ ಮಿದುಳಿನಲ್ಲಿ ಬೇರೆ ಬೇರೆ ವ್ಯವಸ್ಥೆಗಳೆಂಬ ತಿಳಿವಳಿಕೆಗೆ ಇದು ಬುನಾದಿಯಾಯಿತು. ವ್ಯಕ್ತಿ ಅಧ್ಯಯನವೂ ಅಳತೆಗೆ ಒಳಪಟ್ಟಾಗ ಎಷ್ಟು ಸಮರ್ಥವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಯಾರ ಹಿಪೊಕ್ಯಾಂಪಸ್ಸನ್ನೂ ಪ್ರಯೋಗಕ್ಕೆಂದು ತೆಗೆಯುವಂತಿಲ್ಲವಾದ್ದರಿಂದ, ಇದ್ದದ್ದನ್ನು ಇದ್ದಂತೆಯೇ ಅಳೆದು ಎರಡು ಚಲಕಗಳು ಜೊತೆಜೊತೆಗೆ ಏರಿಳಿಯುತ್ತವೆಯೇ ಎಂದು ನೋಡುವ ಸಹಸಂಬಂಧ ವಿಧಾನ ಇಲ್ಲಿ ನೆರವಿಗೆ ಬರುತ್ತದೆ. ಸಂಬಂಧದ ಬಲವನ್ನು −1ರಿಂದ +1ರವರೆಗಿನ ಸಂಖ್ಯೆಯಲ್ಲಿ ಸೂಚಿಸುವ ಲೆಕ್ಕಾಚಾರಗಳಲ್ಲೊಂದನ್ನು 1904ರಲ್ಲಿ ರೂಪಿಸಿದವನು ಚಾರ್ಲ್ಸ್ ಸ್ಪಿಯರ್‌ಮನ್; ಲಂಡನ್ನಿನಲ್ಲಿ ಅವನ ಬಳಿ ಕಲಿತ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿಯೇ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಎಲಿನಾರ್ ಮಗ್ವಾಯರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಿ ಪರವಾನಗಿ ಪಡೆದ ಲಂಡನ್ನಿನ 16 ಟ್ಯಾಕ್ಸಿ ಚಾಲಕರ ಹಿಪೊಕ್ಯಾಂಪಸ್ಸಿನ ಹಿಂಭಾಗ ಇತರರಿಗಿಂತ ದೊಡ್ಡದಾಗಿತ್ತು. ಸಂಸ್ಕೃತ ವೇದಪಾಠಗಳನ್ನು ವರ್ಷಗಟ್ಟಲೆ ಕಂಠಸ್ಥ ಮಾಡಿದ 21 ಭಾರತೀಯ ಪಂಡಿತರ ಮಿದುಳುಗಳಲ್ಲೂ ರಚನೆಯ ವ್ಯತ್ಯಾಸಗಳಿರುವುದು 2016ರ ಅಧ್ಯಯನದಲ್ಲಿ ಕಂಡುಬಂದಿದೆ. ಆದರೆ ಕಂಠಪಾಠದಿಂದ ಮಿದುಳು ಬದಲಾಯಿತೆ, ಅಥವಾ ಅಂಥ ಮಿದುಳಿದ್ದವರೇ ಕಂಠಪಾಠದಲ್ಲಿ ನೆಲೆನಿಂತರೆ ಎಂಬುದನ್ನು ಸಹಸಂಬಂಧವೊಂದೇ ಹೇಳಲಾರದು. ಇದನ್ನು ಬಿಡಿಸಲು ವೂಲೆಟ್ ಮತ್ತು ಮಗ್ವಾಯರ್ ಒಂದೇ ಗುಂಪಿನ ಜನರನ್ನು ಹಲವು ವರ್ಷ ಹಿಂಬಾಲಿಸುವ ದೀರ್ಘಾವಧಿ ಅಧ್ಯಯನವನ್ನು ಕೈಗೊಂಡು, ಟ್ಯಾಕ್ಸಿ ಪರವಾನಗಿಯ ತರಬೇತಿಗೆ ಸೇರಿದ 79 ಮಂದಿಯ ಮಿದುಳನ್ನು ಮೊದಲೇ ಅಳೆದರು. ಆರಂಭದಲ್ಲಿ ವ್ಯತ್ಯಾಸವಿಲ್ಲದಿದ್ದರೂ ಮುಂದೆ ತೇರ್ಗಡೆಯಾದ 39 ಮಂದಿಯಲ್ಲಿ ಮಾತ್ರ ಹಿಪೊಕ್ಯಾಂಪಸ್ಸಿನ ಹಿಂಭಾಗ ಬೆಳೆದದ್ದು 2011ರಲ್ಲಿ ವರದಿಯಾಯಿತು. ಬದಲಾವಣೆ ಕಲಿಕೆಯನ್ನು ಹಿಂಬಾಲಿಸಿ ಬಂತೆಂಬುದಕ್ಕೆ ಇದು ಬಲವಾದ ಸೂಚನೆ.

ಸಮ್ಮತಿ, ಮಾದರಿ, ಪುನರಾವರ್ತನೆ

ಮನುಷ್ಯರನ್ನು ಅಧ್ಯಯನ ಮಾಡುವಾಗ ಏನನ್ನು ಮಾಡಬಹುದು ಎಂಬುದರ ಜೊತೆಗೆ ಏನನ್ನು ಮಾಡಬಾರದು ಎಂಬುದೂ ವಿಧಾನದ ಭಾಗವೇ. ಲಾಫ್ಟಸ್ ಮತ್ತು ಪಿಕ್ರೆಲ್ 1995ರ ಅಧ್ಯಯನದಲ್ಲಿ 24 ಮಂದಿಗೆ ಅವರ ಬಾಲ್ಯದ ಮೂರು ನಿಜ ಘಟನೆಗಳ ಜೊತೆಗೆ, ಅಂಗಡಿ ಸಂಕೀರ್ಣದಲ್ಲಿ ತಪ್ಪಿಸಿಕೊಂಡಿದ್ದರೆಂಬ ಕಟ್ಟುಕಥೆಯೊಂದನ್ನು ಓದಿಸಿದಾಗ ಸುಮಾರು ಕಾಲುಭಾಗ ಜನ ಅದನ್ನು ಪೂರ್ತಿಯಾಗಿಯೋ ಅರೆಬರೆಯಾಗಿಯೋ ‘ನೆನಪಿಸಿಕೊಂಡರು’. ಇಂಥ ಅಧ್ಯಯನಗಳಲ್ಲಿ ಭಾಗವಹಿಸುವವರ ಒಪ್ಪಿಗೆ, ನಡುವೆ ಬಿಟ್ಟುಹೋಗುವ ಸ್ವಾತಂತ್ರ್ಯ, ಮುಗಿದ ಮೇಲೆ ಸತ್ಯವನ್ನು ತಿಳಿಸುವ ಹೊಣೆ, ಹೆಸರಿನ ಗೌಪ್ಯ ಇವುಗಳನ್ನು ನೈತಿಕ ಸಮಿತಿಗಳು ಇಂದು ಮುಂಚಿತವಾಗಿಯೇ ಪರಿಶೀಲಿಸುತ್ತವೆ.

ಅಧ್ಯಯನಕ್ಕೆ ಆರಿಸಿದ ಜನರು, ಅಂದರೆ ಮಾದರಿ, ಯಾರನ್ನು ಪ್ರತಿನಿಧಿಸುತ್ತಾರೆ ಎಂಬುದು ಇನ್ನೊಂದು ಪ್ರಶ್ನೆ. ಆರು ಪ್ರಮುಖ ನಿಯತಕಾಲಿಕೆಗಳಲ್ಲಿ 2003ರಿಂದ 2007ರವರೆಗೆ ಪ್ರಕಟವಾದ ಅಧ್ಯಯನಗಳನ್ನು ಪರಿಶೀಲಿಸಿದಾಗ, ಭಾಗವಹಿಸಿದವರಲ್ಲಿ ಶೇ. 96ರಷ್ಟು ಜನ ಪ್ರಪಂಚದ ಶೇ. 12ರಷ್ಟು ಜನಸಂಖ್ಯೆಯುಳ್ಳ ಪಾಶ್ಚಾತ್ಯ ಕೈಗಾರಿಕಾ ರಾಷ್ಟ್ರಗಳವರೆಂದು ತಿಳಿದುಬಂತು. ಮನುಷ್ಯ ಮಾತ್ರರಿಗೆಲ್ಲ ಅನ್ವಯಿಸುತ್ತದೆಂದು ಬರೆದ ಎಷ್ಟೋ ತೀರ್ಮಾನಗಳು ಹೀಗೆ ಬೆರಳೆಣಿಕೆಯ ಸಮಾಜಗಳನ್ನು ಆಧರಿಸಿವೆ. ಫಲಿತಾಂಶ ಮರುಪರೀಕ್ಷೆಯಲ್ಲೂ ನಿಲ್ಲುತ್ತದೆಯೇ ಎಂಬುದು ಮತ್ತೊಂದು ಪ್ರಶ್ನೆ. 2015ರಲ್ಲಿ ಪ್ರಕಟವಾದ ಸಾಮೂಹಿಕ ಪ್ರಯತ್ನವೊಂದರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮರಳಿ ನಡೆಸಿದಾಗ, ಮೂಲದಲ್ಲಿ ಶೇ. 97ರಷ್ಟು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಣನೀಯವಾದ ಫಲಿತಾಂಶ ಕೊಟ್ಟಿದ್ದರೂ ಮರುಪರೀಕ್ಷೆಯಲ್ಲಿ ಶೇ. 36 ಮಾತ್ರ ಹಾಗೆ ಕೊಟ್ಟವು. ಅದೇ ವರ್ಷ ಆಮ್‌ಸ್ಟರ್‌ಡ್ಯಾಮ್‌ನ ಮುರ್ರೆ ಮತ್ತು ಡ್ರೋಸ್, ಎಬ್ಬಿಂಗ್‌ಹಾಸ್‌ನ ಪ್ರಯೋಗವನ್ನು ಅವನ ಕ್ರಮದಲ್ಲೇ, ಒಬ್ಬನೇ ವ್ಯಕ್ತಿಯ ಮೇಲೆ, ಸುಮಾರು 70 ಗಂಟೆಗಳ ಕಲಿಕೆಯೊಡನೆ ಮರಳಿ ನಡೆಸಿದಾಗ 130 ವರ್ಷ ಹಳೆಯ ಮರೆವಿನ ರೇಖೆ ಬಹುತೇಕ ಹಾಗೆಯೇ ಮೂಡಿಬಂತು. ತಾನು ಏನನ್ನು ಎಷ್ಟು ಹೊತ್ತು ಯಾವ ಕ್ರಮದಲ್ಲಿ ಕಲಿತೆನೆಂಬುದನ್ನು ಎಬ್ಬಿಂಗ್‌ಹಾಸ್ ವಿವರವಾಗಿ ಬರೆದಿಟ್ಟಿದ್ದರಿಂದಲೇ ಇದು ಸಾಧ್ಯವಾಯಿತು.

ಈ ದೃಷ್ಟಿಗಳಲ್ಲಿ ಯಾವುದೊಂದೂ ಉಳಿದವುಗಳನ್ನು ಅನಗತ್ಯವಾಗಿಸಿಲ್ಲ. ನೆನಪು ಪುನಾರಚನೆಯೆಂಬ ಮಾತನ್ನು ಇಂದು ನೆಚ್ಚುವುದು ಬಾರ್ಟ್ಲೆಟ್‌ನ ಕಥೆಯನ್ನೋ ಲಾಫ್ಟಸ್‌ರ ಪ್ರಯೋಗವನ್ನೋ ಒಂಟಿಯಾಗಿ ನಂಬಿ ಅಲ್ಲ. ಬೇರೆ ಬೇರೆ ದೌರ್ಬಲ್ಯಗಳುಳ್ಳ ವಿಧಾನಗಳು ಒಂದೇ ಕಡೆಗೆ ಬೊಟ್ಟುಮಾಡುತ್ತವೆ ಎಂಬ ಕಾರಣಕ್ಕೆ. ಒಂದರ ತಪ್ಪು ಇನ್ನೊಂದರಲ್ಲಿ ಅದೇ ರೀತಿ ಮರುಕಳಿಸುವ ಸಂಭವ ಕಡಿಮೆ. ಆದ್ದರಿಂದ ಮನಸ್ಸಿನ ಬಗ್ಗೆ ‘ಅಧ್ಯಯನವೊಂದು ಕಂಡುಹಿಡಿದಿದೆ’ ಎಂಬ ಸುದ್ದಿ ಎದುರಾದಾಗ ಓದುಗರು ಕೇಳಬೇಕಾದದ್ದು ಫಲಿತಾಂಶ ಆಕರ್ಷಕವಾಗಿದೆಯೇ ಎಂದಲ್ಲ. ಏನನ್ನು ಅಳೆದರು, ಯಾರನ್ನು ಯಾರೊಡನೆ ಹೋಲಿಸಿದರು, ಕಂಡದ್ದು ಕಾರಣವೋ ಬರಿಯ ಸಹಸಂಬಂಧವೋ, ಬೇರೆ ವಿಧಾನದಿಂದ ಬೇರೆಯವರು ನೋಡಿದಾಗಲೂ ಅದೇ ಕಂಡಿತೋ ಎಂದು.