ಮೊದಲು ಚಿಕಿತ್ಸೆ, ಆಮೇಲೆ ಕಾಸು! ಕೌಂಟರಿನ ಕಾನೂನು ತಿರುಗಿಸಿದ ಹೃದಯದ ಡಾಕ್ಟರು

ಪಾವಗಡದಿಂದ ಬೆಂಗಳೂರಿಗೆ ಬೆಳಗಿನ ಜಾವ ಹೊರಡುವ ಬಸ್ಸು. ಈಸಿಜಿ ಕಾಗದ, ಎಕ್ಸ್-ರೇ ಲಕೋಟೆ, ಮೇಲೊಂದು ಪ್ಲಾಸ್ಟಿಕ್ ಕವರು ತೊಡೆ ಮೇಲಿಟ್ಟು ಕೂತವರನ್ನು ಕಂಡರೆ ಎಲ್ಲಿಗೆ ಅಂತ ಕೇಳೋದೇ ಬೇಡ. ಮಧುಗಿರಿಯಲ್ಲಿ ಇನ್ನಿಬ್ಬರು ಅಂಥವರೇ ಹತ್ತುತ್ತಾರೆ, ಕೊರಟಗೆರೆಯಲ್ಲಿ ಒಬ್ಬರು. ಶಿರಾದವರು ಹೆದ್ದಾರಿ ಹಿಡಿದು ಬರುತ್ತಾರೆ. ಎಲ್ಲರೂ ಹೊರಟಿದ್ದು ಒಂದೇ ಕಡೆಗೆ: ಜಯದೇವ!

ಈ ನಾಲ್ಕು ತಾಲೂಕಿನಲ್ಲಿ ‘ಎದೆನೋವು’ ಅಂದ ಕೂಡಲೆ ‘ಜಯದೇವಕ್ಕೆ ಕರ್ಕೊಂಡು ಹೋಗ್ರಪ್ಪ’ ಎನ್ನುವುದು ಮಾಮೂಲಿ ಮಾತು. ಸರ್ಕಾರಿ ಆಸ್ಪತ್ರೆಯೊಂದರ ಹೆಸರು ಹಳ್ಳಿಯ ಬಾಯಲ್ಲಿ ಹೀಗೆ ಕೂರುವುದು ಸುಲಭವಲ್ಲ. ಅದರ ಹಿಂದಿನ ಮನುಷ್ಯ ಡಾ. ಸಿ.ಎನ್. ಮಂಜುನಾಥ್.

ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲೂಕಿನ ಚೋಳೇನಹಳ್ಳಿಯವರು. 1957ರಲ್ಲಿ ಹುಟ್ಟಿದ್ದು. ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್., ಬೆಂಗಳೂರಿನಲ್ಲಿ ಎಂ.ಡಿ., ಮಂಗಳೂರಿನ ಕಸ್ತೂರಬಾ ಮೆಡಿಕಲ್ ಕಾಲೇಜಿನಲ್ಲಿ ಹೃದಯದ ಡಿ.ಎಂ. ಓದಿ ಜಯದೇವ ಸೇರಿದರು. ಮಾಜಿ ಪ್ರಧಾನಿ ದೇವೇಗೌಡರ ಅಳಿಯ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅರಳಿಕಟ್ಟೆಯಲ್ಲಿ ಆ ಮಾತು ಬಾರದೆ ಇರಲಿಲ್ಲ. ಆದರೆ ಹೃದಯದೊಳಗೆ ಬಲೂನು ಅಳಿಯತನದಿಂದ ಬಿಚ್ಚಿಕೊಳ್ಳೋದಿಲ್ಲವಲ್ಲ, ಸ್ವಾಮಿ!

ಆ ಬಲೂನಿನ ಕತೆ ಸ್ವಲ್ಪ ಹೇಳಲೇಬೇಕು. ಚಿಕ್ಕಂದಿನಲ್ಲಿ ಗಂಟಲು ನೋವು, ಜ್ವರ ಬರುತ್ತದೆ. ಕೀಲು ಊದಿಕೊಳ್ಳುತ್ತದೆ. ಕಷಾಯ ಕುಡಿಸಿ ಸುಮ್ಮನಾಗುತ್ತಾರೆ. ಇದು ರುಮ್ಯಾಟಿಕ್ ಜ್ವರವಾಗಿದ್ದರೆ ಕೀಲು ವಾಸಿಯಾಗುತ್ತದೆ, ಹೃದಯದ ಕವಾಟ ವಾಸಿಯಾಗೋಲ್ಲ. ಹತ್ತಿಪ್ಪತ್ತು ವರ್ಷದ ಮೇಲೆ, ಮದುವೆಯಾಗಿ ಬಸುರಿಯಾದ ಹೆಣ್ಣುಮಗಳು ನೀರಿನ ಬಿಂದಿಗೆ ಹೊತ್ತು ನಾಲ್ಕು ಹೆಜ್ಜೆ ಇಡೋದಕ್ಕೆ ಏದುಸಿರು ಬಿಡುತ್ತಾಳೆ. 4ರಿಂದ 6 ಚದರ ಸೆಂಟಿಮೀಟರು ತೆರೆಯಬೇಕಾದ ಮೈಟ್ರಲ್ ಕವಾಟ ಒಂದೂವರೆಗಿಂತ ಕಿರಿದಾಗಿರುತ್ತದೆ. ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಮನೆಗಳಲ್ಲಿ ಈ ಕಾಯಿಲೆ ಜಾಸ್ತಿ. ಅಂದರೆ ಬಡವರ ಕಾಯಿಲೆ.

ಹಿಂದೆಲ್ಲ ಇದಕ್ಕೆ ಎದೆ ಸೀಳಬೇಕಿತ್ತು. ಜಪಾನಿನ ಡಾ. ಕಾಂಜಿ ಇನೋವೆ ಬೇರೆ ದಾರಿ ಕಂಡುಹಿಡಿದು 1984ರಲ್ಲಿ ಲೋಕಕ್ಕೆ ತಿಳಿಸಿದರು. ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ಏರಿಸಿ, ಹೃದಯದ ನಡುಗೋಡೆ ದಾಟಿಸಿ, ಕವಾಟದ ಮಧ್ಯೆ ಬಲೂನು ಉಬ್ಬಿಸೋದು. ಅಂಟಿಕೊಂಡ ಕವಾಟ ಬಿಟ್ಟುಕೊಳ್ಳುತ್ತದೆ. ಎದೆಯ ಮೇಲೆ ಒಂದು ಹೊಲಿಗೆಯೂ ಇಲ್ಲ. ಮಂಜುನಾಥ್ ‘ಅಕ್ಯೂರಾ’ ಎಂಬ ಬಲೂನು ಹಿಡಿದು ತಮ್ಮದೇ ವಿಧಾನ ರೂಢಿಸಿದರು. ಈ ಕೆಲಸದಲ್ಲಿ ದೇಶ ವಿದೇಶದಲ್ಲೂ ಹೆಸರಾಯಿತು. 2007ರಲ್ಲಿ ಪದ್ಮಶ್ರೀ ಬಂತು.

ಇಷ್ಟಾದರೆ ಒಳ್ಳೆ ಡಾಕ್ಟರು ಅನ್ನಬಹುದು, ಅಷ್ಟೆ. ಒಳ್ಳೆ ಡಾಕ್ಟರುಗಳು ಕುರ್ಚಿ ಸಿಕ್ಕ ಮೇಲೆ ಫೈಲಿನಡಿ ಹೂತುಹೋದದ್ದೂ ಉಂಟು. ಮಂಜುನಾಥ್ ನಿರ್ದೇಶಕರಾದ ಮೇಲೂ ರೋಗಿಗಳನ್ನು ನೋಡುವುದು ಬಿಡಲಿಲ್ಲ. ಮಾಡಿದ ದೊಡ್ಡ ಕೆಲಸ ಮಾತ್ರ ಥಿಯೇಟರಿನಲ್ಲಲ್ಲ, ದುಡ್ಡು ಕಟ್ಟುವ ಕೌಂಟರಿನಲ್ಲಿ! ‘ಮೊದಲು ಚಿಕಿತ್ಸೆ, ನಂತರ ಹಣ.’ ಹಾರ್ಟ್ ಅಟ್ಯಾಕ್ ಆದವನನ್ನು ಸ್ಟ್ರೆಚರ್ ಮೇಲೆ ಮಲಗಿಸಿ ‘ಅಡ್ವಾನ್ಸ್ ಕಟ್ಟಿ ಬನ್ನಿ’ ಅನ್ನಬಾರದು ಎಂಬುದೇ ಅದರ ತಿರುಳು. ಅಂಗಡಿ ಮಾಲೀಕರಿಗೆ ಇದರ ತೂಕ ಗೊತ್ತು. ಮೊದಲು ಸಾಮಾನು, ಆಮೇಲೆ ಕಾಸು ಅಂತ ಬೋರ್ಡು ಹಾಕಿ ನೋಡಿ, ತಿಂಗಳೊಳಗೆ ಬಾಗಿಲು ಹಾಕ್ಬೇಕಾಗುತ್ತೆ!

ಜಯದೇವ ಬಾಗಿಲು ಹಾಕಲಿಲ್ಲ. ಅದು ಸ್ವಾಯತ್ತ ಸರ್ಕಾರಿ ಸಂಸ್ಥೆ. ಸರ್ಕಾರ ಅನುದಾನ ಕೊಡುತ್ತದೆ, ಜೊತೆಗೆ ಸಂಸ್ಥೆ ತಾನೂ ಸಂಪಾದಿಸಬೇಕು. ಉಳ್ಳವರು ಕಟ್ಟುತ್ತಾರೆ, ಕಾರ್ಡಿನವರದು ಯೋಜನೆಯಿಂದ ಬರುತ್ತದೆ, ಏನೂ ಇಲ್ಲದವರಿಗೆ ದಾನಿಗಳ ನೆರವು. ಬಡವರಿಗೆ ಪುಕ್ಕಟೆ ಸ್ಟೆಂಟ್ ಹಾಕುವ ಶಿಬಿರಗಳೂ ನಡೆದವು. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಔಷಧ ಲೇಪಿತ ಸ್ಟೆಂಟಿಗೆ ಸುಮಾರು 30 ಸಾವಿರ ರೂಪಾಯಿ ಮಿತಿ ಹಾಕಿದ್ದು ದೇಶದ ಎಲ್ಲ ಆಸ್ಪತ್ರೆಗಳ ರೋಗಿಗಳಿಗೂ ಉಪಕಾರವಾಯಿತು.

1972ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸಣ್ಣದಾಗಿ ಶುರುವಾದ ಸಂಸ್ಥೆ ಇದು. ಮಂಜುನಾಥ್ ಕೈಗೆ ಬಂದಾಗ ಸುಮಾರು 300 ಹಾಸಿಗೆ. ಅವರು ಇಳಿಯುವ ಹೊತ್ತಿಗೆ ಮೈಸೂರು, ಕಲಬುರಗಿ ಸೇರಿ 2000ದ ಸುತ್ತಮುತ್ತ. 2021ರಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿಕೊಟ್ಟ ಹೊಸ ಬ್ಲಾಕೂ ಬಂತು. ಅದೇ ವರ್ಷ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ, ಹೆದರಿದ ಹುಡುಗರೆಲ್ಲ ಬಂದು ಸಾಲು ನಿಂತದ್ದು ಬೇರೆ ಕತೆ. ಸಾಲು ಮಾತ್ರ ಇವತ್ತಿಗೂ ಕರಗಿಲ್ಲ. ಗಂಟೆಗಟ್ಟಲೆ ಕಾಯುವ ಗೊಣಗಾಟವೂ ಇದೆ.

2024ರ ಜನವರಿ 31ಕ್ಕೆ ನಿರ್ದೇಶಕಗಿರಿ ಮುಗಿಯಿತು. ಅದೇ ವರ್ಷ ಬೆಂಗಳೂರು ಗ್ರಾಮಾಂತರದಲ್ಲಿ ಬಿಜೆಪಿಯಿಂದ ನಿಂತು ಡಿ.ಕೆ. ಸುರೇಶ್ ಅವರನ್ನು ಎರಡೂವರೆ ಲಕ್ಷಕ್ಕೂ ಮೀರಿದ ಮತಗಳಿಂದ ಸೋಲಿಸಿದರು. ನಮ್ಮ ಜಿಲ್ಲೆಯ ಕುಣಿಗಲ್ ಆ ಕ್ಷೇತ್ರಕ್ಕೆ ಸೇರಿದೆ. ಡಾಕ್ಟರು ರಾಜಕೀಯಕ್ಕೆ ಹೋಗಬಾರದಿತ್ತು ಅನ್ನೋರೂ ಇದ್ದಾರೆ, ಹೋಗ್ಲಿ ಬಿಡಿ ಅನ್ನೋರೂ ಇದ್ದಾರೆ.

ಇತ್ತ ಪಾವಗಡದ ತೊಂದರೆಯೇ ಬೇರೆ. ಮೂರು ಕಡೆ ಆಂಧ್ರ, ಬೆಂಗಳೂರು ನೂರೈವತ್ತು ಕಿಲೋಮೀಟರಿಗೂ ದೂರ. ಕೌಂಟರಿನಲ್ಲಿ ಕಾಸು ಕೇಳದಿದ್ದರೂ ದಾರಿ ಸಮಯ ಕೇಳುತ್ತದೆ. ರಕ್ತನಾಳ ಕಟ್ಟಿಕೊಂಡ ಹೃದಯದ ಮಾಂಸ ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ಗಲ್ಲಾದಲ್ಲಿ ಕೂತವರಿಗೆ ಎದೆ ಹಿಂಡಿ ಬೆವರಿದರೆ ‘ಗ್ಯಾಸ್ಟ್ರಿಕ್ಕು’ ಅಂತ ಸೋಡಾ ಕುಡಿದು ಒಂದು ಗಂಟೆ, ಕಾರು ಹುಡುಕಿ ಇನ್ನೊಂದು ಗಂಟೆ. ಇದಕ್ಕೇ ತಾಲೂಕು ಮಟ್ಟದಲ್ಲೇ ಈಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನು ಪುಕ್ಕಟೆ ಕೊಡುವ ಏರ್ಪಾಟಾಗಿದೆ. ಪುನೀತ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆ ಅದೇ. ಇಂಜೆಕ್ಷನ್ ಬಿದ್ದ ಮೇಲೆ ಬೆಂಗಳೂರಿನ ದಾರಿ ಹಿಡಿದರೆ ಜೀವಕ್ಕೆ ಕೊಂಚ ಬಿಡುವು ಸಿಗುತ್ತದೆ.

ಎದೆನೋವು ಬಂದವರು ಬಸ್ಸು ಹತ್ತುವುದು ಬೇಡ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮೊದಲು ಹೋಗಲಿ, 108ಕ್ಕೆ ಫೋನು ಮಾಡಲಿ. ತಪಾಸಣೆಗೆ ಹೋಗುವವರು ರೇಷನ್ ಕಾರ್ಡು, ಆಧಾರ್, ತಾಲೂಕು ಆಸ್ಪತ್ರೆಯ ರೆಫರಲ್ ಚೀಟಿ ಮರೆಯಬಾರದು. ಈಗ ಮೆಜೆಸ್ಟಿಕ್ಕಿನ ಗದ್ದಲಕ್ಕೂ ಹೋಗಬೇಕಿಲ್ಲ. ತುಮಕೂರು ರಸ್ತೆಯ ನಾಗಸಂದ್ರದಲ್ಲೋ ಗೊರಗುಂಟೆಪಾಳ್ಯದಲ್ಲೋ ಇಳಿದು ಹಸಿರು ಮೆಟ್ರೋ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಳದಿ ಮೆಟ್ರೋಗೆ ಬದಲಾಯಿಸಿದರೆ ಎರಡನೇ ನಿಲ್ದಾಣವೇ ‘ಜಯದೇವ ಆಸ್ಪತ್ರೆ’. 2025ರ ಆಗಸ್ಟಿನಿಂದ ಓಡುತ್ತಿದೆ.