ಪಟ್ಟಣದ ನೈರ್ಮಲ್ಯ: ವೆಚ್ಚದ ಹೊರೆ ಯಾರ ಮೇಲೆ?

ಮನೆಗಂದಾಯದೊಡನೆ ಕಸದ ಕರವನ್ನೂ ತೆರುತ್ತಿರುವಾಗ ಕೈಚೀಲವೊಂದಕ್ಕಾಗಿ ದಂಡವನ್ನೂ ಏಕೆ ಕೊಡಬೇಕು? ವರ್ತಕರಲ್ಲಿ ಈ ಪ್ರಶ್ನೆ ಮೂಡುವುದು ಸಹಜ. ಉತ್ತರಿಸುವ ಮುನ್ನ ಕಾನೂನು ಏನನ್ನು ವಿಧಿಸಿದೆ, ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಅರಿಯಬೇಕಾಗುತ್ತದೆ.

ಕೇಂದ್ರ ಸರ್ಕಾರವು 2021ರ ಆಗಸ್ಟ್‌ನಲ್ಲಿ ತಿದ್ದುಪಡಿ ಮಾಡಿದ ನಿಯಮಗಳಂತೆ ಪ್ಲಾಸ್ಟಿಕ್ ಕೈಚೀಲದ ಕನಿಷ್ಠ ದಪ್ಪ 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್. ಇದನ್ನು ನಂಬಿ ದಪ್ಪ ಚೀಲಗಳನ್ನು ದಾಸ್ತಾನು ಮಾಡಿದವರು ನಷ್ಟಕ್ಕೊಳಗಾಗುತ್ತಾರೆ. ಏಕೆಂದರೆ ಕರ್ನಾಟಕ ಸರ್ಕಾರದ 2016ರ ಮಾರ್ಚ್ 11ರ ಅಧಿಸೂಚನೆಯು ದಪ್ಪವನ್ನು ಲೆಕ್ಕಿಸದೆ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್ ಮುಂತಾದವುಗಳ ತಯಾರಿಕೆ, ಮಾರಾಟ ಹಾಗೂ ಬಳಕೆಯನ್ನು ನಿಷೇಧಿಸಿದೆ. ತಯಾರಿಕೆಯ ಹಂತದಲ್ಲಿಯೇ ಸರಕನ್ನು ಮೊಹರು ಮಾಡುವ ಹೊದಿಕೆಗೆ ವಿನಾಯಿತಿಯುಂಟು. ಆದ್ದರಿಂದ ಕಾಫಿಪುಡಿ, ಕರಿಮೆಣಸುಗಳನ್ನು ಪೊಟ್ಟಣ ಕಟ್ಟುವ ಕಿರು ಉದ್ಯಮಿಗೆ ಈ ನಿಷೇಧ ತಟ್ಟದು. ಆ ಪೊಟ್ಟಣವನ್ನು ಗಿರಾಕಿಗೆ ಹಾಕಿಕೊಡುವ ಚೀಲಕ್ಕೆ ತಟ್ಟುತ್ತದೆ.

ಪರಿಸರ ಸಂರಕ್ಷಣಾ ಅಧಿನಿಯಮದ ಉಲ್ಲಂಘನೆಗೆ ಮೊದಲು ಸೆರೆವಾಸದ ವಿಧಿಯಿದ್ದಿತು. 2024ರ ಏಪ್ರಿಲ್ 1ರಿಂದ ಅದರ ಬದಲಿಗೆ 10 ಸಾವಿರದಿಂದ 15 ಲಕ್ಷ ರೂಪಾಯಿಗಳವರೆಗಿನ ದಂಡ ಬಂದಿದೆ. ಇದನ್ನು ಸಡಿಲಿಕೆಯೆಂದು ತಿಳಿಯುವವರುಂಟು. ನ್ಯಾಯಾಲಯಕ್ಕೆ ಹೋಗದೆ ನಿಯೋಜಿತ ಅಧಿಕಾರಿಯೇ ದಂಡವನ್ನು ನಿರ್ಣಯಿಸಬಹುದಾದ್ದರಿಂದ, ಸಣ್ಣ ವ್ಯಾಪಾರಿಗೆ ಇದೇ ಹೆಚ್ಚು ಸಮೀಪದ ಅಪಾಯವೆಂದು ನಮ್ಮ ಎಣಿಕೆ.

ಇನ್ನು ವೆಚ್ಚದ ಮಾತು. 2021ರ ಅಕ್ಟೋಬರ್‌ನಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನದ ಎರಡನೆಯ ಹಂತದಲ್ಲಿ, ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಪಟ್ಟಣಗಳ ಘನತ್ಯಾಜ್ಯ ಕಾಮಗಾರಿಗಳಿಗೆ ಕೇಂದ್ರದ ಪಾಲು ಶೇ. 50. 15ನೆಯ ಹಣಕಾಸು ಆಯೋಗವು 2021-26ರ ಅವಧಿಗೆ ಇಂತಹ ಪಟ್ಟಣಗಳ ಅನುದಾನದಲ್ಲಿ ಶೇ. 60ನ್ನು ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಹಾಕಿತು. ಆದರೆ ಘಟಕ ಕಟ್ಟಲು ಹಣ ದೊರೆಯುವಷ್ಟು ಸುಲಭವಾಗಿ ವಾಹನದ ಡೀಸೆಲಿಗೆ, ರಿಪೇರಿಗೆ, ಕಸ ವಿಂಗಡಿಸುವವರ ಕೂಲಿಗೆ ದೊರೆಯದು. ದಿನನಿತ್ಯದ ಈ ಖರ್ಚಿನ ಭಾರ ಊರಿನ ವರಮಾನದ ಮೇಲೆಯೇ ಬೀಳುತ್ತದೆ.

ಕುಶಾಲನಗರದ ಕಷ್ಟವಿರುವುದು ಇಲ್ಲಿಯೇ. 2011ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ ಸುಮಾರು 15 ಸಾವಿರ. ಮೈಸೂರು–ಮಡಿಕೇರಿ ಹೆದ್ದಾರಿಯಾದರೋ ಪೇಟೆಯ ನಡುವೆಯೇ ಹಾಯುತ್ತದೆ. ನಿಸರ್ಗಧಾಮ, ದುಬಾರೆ, ಹಾರಂಗಿ, ಹೊಳೆಯಾಚೆಯ ಬೈಲುಕುಪ್ಪೆಗಳಿಗೆ ಹೋಗಿಬರುವ ಪ್ರವಾಸಿಗರು ಇಲ್ಲಿ ಉಣ್ಣುತ್ತಾರೆ, ತಂಗುತ್ತಾರೆ, ಕಸವನ್ನೂ ಬಿಟ್ಟುಹೋಗುತ್ತಾರೆ. ಅವರ ಊಟದ ಬಿಲ್ಲಿನ ಮೇಲಿನ ಜಿ.ಎಸ್.ಟಿ. ಕೇಂದ್ರ, ರಾಜ್ಯಗಳ ಬೊಕ್ಕಸಕ್ಕೆ ಸಲ್ಲುತ್ತದೆ. ಕಸ ಮಾತ್ರ ಊರಿನದು. ಮಳೆಗಾಲದಲ್ಲಿ ಚರಂಡಿಗೆ ಸೇರಿದುದು ಕಾವೇರಿಗೂ, ಅಲ್ಲಿಂದ ಕೃಷ್ಣರಾಜಸಾಗರದತ್ತಲೂ ಸಾಗುತ್ತದೆ.

1996ರ ವೆಲ್ಲೂರು ಪ್ರಕರಣದಲ್ಲಿ, ಮಲಿನಗೊಳಿಸಿದವನೇ ವೆಚ್ಚ ತೆರಬೇಕೆಂಬ ತತ್ತ್ವ ನಮ್ಮ ದೇಶದ ಕಾನೂನಿನ ಭಾಗವೆಂದು ಸುಪ್ರೀಂ ಕೋರ್ಟು ಸಾರಿತು. ಆ ತತ್ತ್ವದಂತೆ ನೋಡಿದರೆ ಕಟ್ಟಡದ ಅಳತೆಗೆ ತಕ್ಕ ಕರಕ್ಕಿಂತ ಕಸದ ತೂಕಕ್ಕೆ ತಕ್ಕ ಶುಲ್ಕವೇ ನ್ಯಾಯವಾದುದು. ಬಟ್ಟೆ ಅಂಗಡಿಯವರು ಹೋಟೆಲು, ವಸತಿಗೃಹ, ಕಲ್ಯಾಣಮಂಟಪಗಳ ಎಂಜಲೆಲೆಯ ವೆಚ್ಚವನ್ನು ಹೊರಬೇಕಿಲ್ಲ. ಹೋಟೆಲಿನವರು ಆ ಶುಲ್ಕವನ್ನು ಬಿಲ್ಲಿನಲ್ಲಿ ಸೇರಿಸಿದರೆ ಪ್ರವಾಸಿಯೂ ತನ್ನ ಪಾಲು ತೆತ್ತಂತಾಗುತ್ತದೆ. ಸ್ಥಳೀಯ ಸಂಸ್ಥೆಯ ಆಯವ್ಯಯ ಸಿದ್ಧವಾಗುವ ಮುನ್ನವೇ ವರ್ತಕರು ಈ ಬೇಡಿಕೆಯನ್ನು ಲಿಖಿತವಾಗಿ ಸಲ್ಲಿಸಿ, ಕಸದ ಬಾಬಿನ ಜಮಾ-ಖರ್ಚನ್ನು ಪ್ರತ್ಯೇಕವಾಗಿ ಪ್ರಕಟಿಸುವಂತೆ ಕೇಳುವುದು ಒಳಿತು.