ವೃದ್ಧಾಪ್ಯ, ಶಕ್ತಿ ಮತ್ತು ಕುಟುಂಬ: ‘ಇನುಯಾಶಿಕಿ’ ಚಿತ್ರಕಥನದ ನೆಲೆಗಳು

ಅತಿಮಾನವ ನಾಯಕನಿಗೆ ವಯಸ್ಸಾಗುವುದಿಲ್ಲ ಎಂಬುದು ಚಿತ್ರಕಥಾ ಪ್ರಕಾರದ ಅಲಿಖಿತ ನಿಯಮ. 1938ರಲ್ಲಿ ಕಾಣಿಸಿಕೊಂಡ ಸೂಪರ್‌ಮ್ಯಾನ್ ಸಾಮಾನ್ಯವಾಗಿ ಇಂದಿಗೂ ಯುವಕನೇ. ಈ ನಿಯಮವನ್ನು ಮುರಿದ ಕೃತಿಗಳಲ್ಲಿ ಫ್ರಾಂಕ್ ಮಿಲ್ಲರ್‌ನ ‘ದ ಡಾರ್ಕ್ ನೈಟ್ ರಿಟರ್ನ್ಸ್’ (1986) ಪ್ರಸಿದ್ಧವಾದುದು. ಅಲ್ಲಿ 55ರ ಬ್ಯಾಟ್‌ಮ್ಯಾನ್ ಹತ್ತು ವರ್ಷಗಳ ನಿವೃತ್ತಿಯ ಬಳಿಕ ಮರಳುತ್ತಾನೆ. ದಣಿಯುವ ದೇಹದೊಡನೆಯೂ ಹೋರಾಡುತ್ತಾನೆ. ಆದರೆ ಅವನನ್ನು ಕಡೆಗಣಿಸಲು ಹೆಂಡತಿ ಮಕ್ಕಳಿಲ್ಲ. ಮುಪ್ಪಿನ ಪ್ರಶ್ನೆಯನ್ನು ಮನೆಯೊಳಕ್ಕೆ ತಂದ ಕೃತಿಯೆಂದರೆ ಜಪಾನಿನ ಹಿರೋಯಾ ಓಕು ರಚಿಸಿದ ‘ಇನುಯಾಶಿಕಿ’. 2014ರಿಂದ 2017ರವರೆಗೆ ಧಾರಾವಾಹಿಯಾಗಿ ಬಂದ ಈ ಮಾಂಗಾ 10 ಸಂಪುಟಗಳಲ್ಲಿದೆ.

ಕಥಾನಾಯಕ ಇಚಿರೊ ಇನುಯಾಶಿಕಿಗೆ 58 ವರ್ಷ. ನೋಟಕ್ಕೆ ಅದಕ್ಕಿಂತ ಬಹಳ ಮುದುಕ. ದುಡಿದು ಕೊಂಡ ಹೊಸ ಮನೆಯೂ ಅವನಿಗೆ ಮಕ್ಕಳ ಗೌರವವನ್ನು ತಂದುಕೊಡುವುದಿಲ್ಲ. ಹೊಟ್ಟೆಯ ಕ್ಯಾನ್ಸರ್ ಇರುವುದು ತಿಳಿದಾಗ ಅದನ್ನು ಹೇಳಿಕೊಳ್ಳಲು ಮನೆಯಲ್ಲಿ ಕೇಳುವ ಕಿವಿಯಿಲ್ಲ. ಅವನ ಅಳುವಿಗೆ ಸಾಕ್ಷಿಯಾಗುವುದು ಸಾಕುನಾಯಿ ಹಾನಾಕೊ ಮಾತ್ರ. ಛಾಯಾಚಿತ್ರದಷ್ಟು ನಿಖರವಾಗಿ ಚಿತ್ರಿತವಾದ ನಗರದ ನಡುವೆ ಸುಕ್ಕುಗಟ್ಟಿದ ಈ ಮುಖ ಎದ್ದು ಕಾಣುತ್ತದೆ. ಮನೆಯವರು ನೋಡಲೊಲ್ಲದ ಮುಖವನ್ನು ಓದುಗ ನೋಡಲೇಬೇಕಾಗುತ್ತದೆ.

ಅನ್ಯಗ್ರಹ ಜೀವಿಗಳಿಂದಾದ ಅವಘಡದ ನಂತರ ಅವನ ದೇಹ ಯಂತ್ರವಾಗಿ ಪುನರ್ನಿರ್ಮಾಣಗೊಳ್ಳುತ್ತದೆ. ಅದೇ ರಾತ್ರಿ ಅದೇ ಶಕ್ತಿ ಶಿಶಿಗಾಮಿ ಹಿರೊ ಎಂಬ ತರುಣನಿಗೂ ಒದಗುತ್ತದೆ. ಇಬ್ಬರನ್ನೂ ಕಾಡುವ ಪ್ರಶ್ನೆ ಒಂದೇ: ತಾನಿನ್ನೂ ಮನುಷ್ಯನೇ? ತಾಯಿಯ ಪ್ರೀತಿಯನ್ನುಂಡ ತರುಣ ಕೊಲ್ಲುವುದರಲ್ಲಿ ಉತ್ತರ ಹುಡುಕಿದರೆ, ಮನೆಯವರ ಅಲಕ್ಷ್ಯಕ್ಕೊಳಗಾದ ಮುದುಕ ಉಳಿಸುವುದರಲ್ಲಿ ಹುಡುಕುತ್ತಾನೆ. ವೃದ್ಧಾಪ್ಯವೆಂದರೆ ಕೇವಲ ಬಲಹೀನತೆಯಲ್ಲ, ಯಾರಿಗೂ ಬೇಡವಾಗುವುದು ಎಂಬ ಗ್ರಹಿಕೆ ಇಲ್ಲಿದೆ. 2014ರ ವೇಳೆಗೆ ಜನಸಂಖ್ಯೆಯ ಸುಮಾರು ಕಾಲುಭಾಗ 65 ದಾಟಿದವರೇ ಆಗಿದ್ದ ಜಪಾನಿನಲ್ಲಿ ಇದು ಬರಿಯ ಕಲ್ಪನೆಯ ಮಾತಾಗಿರಲಿಲ್ಲ.

ಶಕ್ತಿ ಉಡುಗಿದ ವೀರನ ಚಿತ್ರ ಕನ್ನಡದ ಓದುಗರಿಗೆ ಹೊಸದಲ್ಲ. ಮಹಾಭಾರತದ ಮೌಸಲಪರ್ವದಲ್ಲಿ ಅರ್ಜುನನಿಗೆ ಗಾಂಡೀವದ ಹೆದೆಯೇರಿಸುವುದೇ ಕಷ್ಟವಾಗುತ್ತದೆ. ದಿವ್ಯಾಸ್ತ್ರಗಳು ನೆನಪಿಗೆ ಬರುವುದಿಲ್ಲ. ದ್ವಾರಕೆಯ ಸ್ತ್ರೀಯರನ್ನು ದಸ್ಯುಗಳು ಒಯ್ಯುತ್ತಾರೆ. ಇದು ಕಾಲದ ನಡೆಯೆಂದು ವ್ಯಾಸರು ಅವನಿಗೆ ತಿಳಿಹೇಳುತ್ತಾರೆ. ಬಲ ಹೋಯಿತೆಂದು ಸೋದರರು ಅವನನ್ನು ಬಿಟ್ಟುಕೊಡುವುದಿಲ್ಲ. ಮಹಾಪ್ರಸ್ಥಾನಕ್ಕೆ ಎಲ್ಲರೂ ಒಟ್ಟಿಗೇ ಹೊರಡುತ್ತಾರೆ.

ಓಕುವಿನ ಕಥನ ಈ ಸಮಾಧಾನವನ್ನು ಕೊಡುವುದಿಲ್ಲ. ಇನುಯಾಶಿಕಿಗೆ ಮನೆಯವರ ಮನ್ನಣೆ ದೊರೆಯುವುದು ಅವನ ಶಕ್ತಿ ಪ್ರಕಟವಾದ ಮೇಲೆ. ಕೊನೆಗೆ ಭೂಮಿಯತ್ತ ಬರುತ್ತಿರುವ ಕ್ಷುದ್ರಗ್ರಹವನ್ನು ತಡೆಯಲು ಅವನು ತನ್ನನ್ನೇ ಸ್ಫೋಟಿಸಿಕೊಳ್ಳುತ್ತಾನೆ. ಕೃತಿಯ ಮಿತಿಯೂ ಇಲ್ಲಿಯೇ ಇದೆ. ಉಪಯುಕ್ತನಾದ ಮುದುಕನಿಗಷ್ಟೇ ಗೌರವವೆಂಬ ತರ್ಕವನ್ನು ಅದು ಪ್ರಶ್ನಿಸುತ್ತ ಹೊರಟು, ಆ ತರ್ಕಕ್ಕೇ ಮರಳುತ್ತದೆ. ಯಾವ ಪವಾಡವನ್ನೂ ಮಾಡದ ಮುದುಕನಿಗೆ ಮನೆಯಲ್ಲಿ ಸಲ್ಲಬೇಕಾದ ಸ್ಥಾನವೇನು? ಮೊದಲ ಪುಟಗಳು ಎತ್ತುವ ಈ ಪ್ರಶ್ನೆ ಕೊನೆಯ ಪುಟದಲ್ಲೂ ಹಾಗೆಯೇ ಉಳಿಯುತ್ತದೆ.